ಹಳೇ ಇಟಲಿ ಕಾರು ಕೊಳ್ಳುವ ಮೊದಲು ಟಿಂಕರ್‌ಗೆ ತೋರಿಸಿ

ಮಾನ್ಯ ಸಂಪಾದಕರೇ,

50 ವರ್ಷ ದಾಟಿದ ವಿದೇಶಿ ಕಾರುಗಳನ್ನು ಲೈಸೆನ್ಸ್ ಇಲ್ಲದೆ ತರಿಸಿಕೊಳ್ಳಬಹುದು ಎಂದು 2025ರಲ್ಲಿ ಕೇಂದ್ರ ಸರ್ಕಾರ ನಿಯಮ ಸಡಿಲಿಸಿತು. ಅದಕ್ಕೂ ಮೊದಲು 1950ಕ್ಕಿಂತ ಹಿಂದಿನ ಕಾರುಗಳಿಗೆ ಮಾತ್ರ ಈ ಅವಕಾಶ ಇತ್ತು. ಆವತ್ತಿನಿಂದ ನಮ್ಮ ತುಮಕೂರಿನ ಹುಡುಗರ ಬಾಯಲ್ಲೂ ಆಲ್ಫಾ ರೋಮಿಯೋ, ಫಿಯೆಟ್ ಸ್ಪೈಡರ್, ಲಾನ್ಸಿಯಾ ಅಂತ ಇಟಲಿ ಕಾರುಗಳ ಹೆಸರು ಕೇಳಿಬರುತ್ತಿವೆ. ನನಗೆ ಅದು ಸಂತೋಷವೇ. ಅವರಿಗೆ ಹೇಳಬೇಕಾದ ಒಂದು ಮಾತಿದೆ. ಅದಕ್ಕೇ ಈ ಪತ್ರ.

ಹಳೇ ಇಟಲಿ ಸ್ಪೋರ್ಟ್ಸ್ ಕಾರನ್ನು ಮೊದಲ ಸಲ ಕೊಳ್ಳುವವರು ಮೆಕ್ಯಾನಿಕ್‌ನನ್ನು ಕೇಳುವ ಮುಂಚೆ ಟಿಂಕರ್‌ನನ್ನು, ಅಂದರೆ ಬಾಡಿಯ ತಗಡು ಕೆಲಸ ಮಾಡುವವನನ್ನು, ಕೇಳಿ. ಮೊದಲು ತಗಡು ನೋಡಿ, ಇಂಜಿನ್ ಆಮೇಲೆ ನೋಡೋಣ.

ನಾನು ಶಿರಾ ಗೇಟ್ ಕಡೆ ಟಿಂಕರಿಂಗ್ ಶೆಡ್ ಇಟ್ಟುಕೊಂಡವನು. ಲಾರಿ ಕ್ಯಾಬಿನ್, ಅಂಬಾಸಿಡರ್, ಜೀಪು ಎಲ್ಲಾ ಮಾಡಿದ್ದೇನೆ. ಆದರೆ ಕೈ ಪಳಗಿದ್ದು ಪ್ರೀಮಿಯರ್ ಪದ್ಮಿನಿ ಮೇಲೆ. ಅದೂ ಇಟಲಿ ಕಾರೇ ಅಲ್ವಾ? ಮೂಲದಲ್ಲಿ ಫಿಯೆಟ್ 1100, ಮುಂಬೈನ ಕುರ್ಲಾದಲ್ಲಿ ತಯಾರಾಗುತ್ತಿತ್ತು. 1089 ಸಿಸಿ ಇಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರ್. ಪದ್ಮಿನಿಯ ಇಂಜಿನ್ ಕೈಕೊಟ್ಟರೆ ಮಾಲೀಕರು ಸರಿ ಮಾಡಿಸಿಕೊಂಡು ಓಡಿಸುತ್ತಿದ್ದರು. ತುಕ್ಕು ಹಿಡಿದು ಫ್ಲೋರ್ ಹೋದರೆ, ಡೋರ್ ಕೆಳಗಿನ ಉದ್ದ ತಗಡು, ಅಂದರೆ ರನ್ನಿಂಗ್ ಬೋರ್ಡ್ ಹೋದರೆ ಕಾರನ್ನು ಗುಜರಿಗೆ ಹಾಕುತ್ತಿದ್ದರು. ಮಂಗಳೂರು ಕಡೆ ಇದ್ದು ಬಂದ ಫಿಯೆಟ್ ಆದರಂತೂ ಕಾರ್ಪೆಟ್ ಎತ್ತಿದರೆ ಕೆಳಗೆ ರಸ್ತೆ ಕಾಣುತ್ತಿತ್ತು.

ಈಚೆಗೆ ನಮ್ಮ ಹಳೇ ಗಿರಾಕಿಯೊಬ್ಬರ ಮಗ ಶೆಡ್‌ಗೆ ಬಂದಿದ್ದ. ಬೆಂಗಳೂರಿನಲ್ಲಿ ಒಳ್ಳೆ ಕೆಲಸದಲ್ಲಿದ್ದಾನೆ. 1974ರ ಆಲ್ಫಾ ರೋಮಿಯೋ ಸ್ಪೈಡರ್ ಒಂದು ಇಂಗ್ಲೆಂಡಿನಲ್ಲಿ ಮಾರಾಟಕ್ಕಿದೆ ಅಂತ ಫೋನಿನಲ್ಲಿ ಫೋಟೊ ತೋರಿಸಿದ. ಕೆಂಪು ಬಣ್ಣ, ಮೇಲಿನ ಬಟ್ಟೆಯ ಹುಡ್ ಹಿಂದಕ್ಕೆ ಮಡಚಿದೆ, ಕ್ರೋಮ್ ಫಳಫಳ ಅಂತಿದೆ. ಯಾರಿಗಾದರೂ ಆಸೆ ಆಗುವಂಥ ಕಾರು. ‘ಮೇಸ್ತ್ರಿ, ಇಂಜಿನ್ ಸೌಂಡ್ ಕೇಳಿ’ ಅಂತ ವೀಡಿಯೊ ಹಾಕಿದ. ಸೌಂಡ್ ಚೆನ್ನಾಗಿಯೇ ಇತ್ತು. 1962 ಸಿಸಿ, ಎರಡು ಕ್ಯಾಮ್‌ಶಾಫ್ಟ್, ಬ್ಲಾಕ್ ಕೂಡ ಅಲ್ಯೂಮಿನಿಯಂ. ಆ ಕಾಲಕ್ಕೆ ಅದು ದೊಡ್ಡ ಇಂಜಿನಿಯರಿಂಗ್. ‘ಎಲ್ಲಾ ಸರಿ ಕಣಪ್ಪಾ, ಕೆಳಗಡೆಯ ಫೋಟೊ ಎಲ್ಲಿ?’ ಅಂದೆ. ಅಷ್ಟು ಫೋಟೊಗಳಲ್ಲಿ ಕೆಳಗಿಂದ ತೆಗೆದದ್ದು ಒಂದೂ ಇರಲಿಲ್ಲ.

ಕೇಳಿ ಆ ಫೋಟೊ ತರಿಸಿದೆವು. ತಳಕ್ಕೆಲ್ಲ ಹೊಸದಾಗಿ ತುಕ್ಕು ತಡೆಯುವ ಕಪ್ಪು ಲೇಪ, ಅಂಡರ್‌ಕೋಟಿಂಗ್, ಬಳಿದಿದ್ದರು. ಹಳೇ ಕಾರಿನ ತಳ ಹಳೇದಾಗಿ ಕಾಣಬೇಕು. ಮಾರಾಟಕ್ಕೆ ಇಡುವ ಮುಂಚೆ ಬಳಿದ ಕಪ್ಪು ಕಂಡರೆ ನನಗೆ ನಂಬಿಕೆ ಬರುವುದಿಲ್ಲ. ಹುಡುಗ ಅಲ್ಲಿನ ಒಬ್ಬ ಬಾಡಿ ಕೆಲಸದವರಿಗೆ ದುಡ್ಡು ಕೊಟ್ಟು, ಕಾರನ್ನು ಲಿಫ್ಟ್ ಮೇಲೆ ಎತ್ತಿಸಿ ನೋಡಿಸಿದ. ರನ್ನಿಂಗ್ ಬೋರ್ಡಿನ ಹಳೇ ತಗಡು ಕತ್ತರಿಸಿ ತೆಗೆಯದೆ, ಅದರ ಮೇಲೇ ಹೊಸ ತಗಡು ಹೊದಿಸಿ ವೆಲ್ಡ್ ಮಾಡಿದ್ದರು. ಒಳಗೆ ತುಕ್ಕು ತಿನ್ನುತ್ತಲೇ ಇತ್ತು. ಆ ಕಾರು ಬಿಟ್ಟ. ನೋಡಿಸಿದ ಖರ್ಚು ದೊಡ್ಡದೇ ಆಯಿತು ಅಂದ. ಕಾರು ತರಿಸಿದ್ದರೆ ಆಗುತ್ತಿದ್ದ ಖರ್ಚಿನ ಮುಂದೆ ಅದು ಏನೂ ಅಲ್ಲ. ಸುಂಕವೇ ಕಾರಿನ ಬೆಲೆಗಿಂತ ಜಾಸ್ತಿ ಬರುತ್ತದೆ.

ಸ್ಪೈಡರ್‌ಗೆ ಲಾರಿ ಥರ ಬೇರೆ ಚಾಸಿ ಇಲ್ಲ. ಬಾಡಿಯೇ ಚಾಸಿ. ಮೇಲೆ ಗಟ್ಟಿ ಛಾವಣಿಯೂ ಇಲ್ಲ. ಹಾಗಾಗಿ ಮುಂದಿನ ಭಾಗ, ಹಿಂದಿನ ಭಾಗ ಎರಡನ್ನೂ ಹಿಡಿದಿಟ್ಟಿರುವುದು ಡೋರ್ ಕೆಳಗಿನ ಆ ರನ್ನಿಂಗ್ ಬೋರ್ಡ್‌ಗಳು ಮತ್ತು ಫ್ಲೋರ್. ಅವು ಸೊರಗಿದರೆ ಕಾರು ನಡುವೆ ಬಗ್ಗುತ್ತದೆ. ಇದನ್ನು ನೋಡಲು ಮಿಷಿನ್ ಬೇಡ. ಡೋರ್ ಸುತ್ತ ಇರುವ ಸಂದು ಮೇಲೂ ಕೆಳಗೂ ಒಂದೇ ಸಮ ಇದೆಯಾ ನೋಡಿ. ಆಮೇಲೆ ಜಾಕ್ ಹಾಕಿ ಒಂದು ಪಕ್ಕ ಎತ್ತಿ, ಡೋರ್ ತೆರೆದು ಮುಚ್ಚಿ ನೋಡಿ. ಸಲೀಸಾಗಿ ಮುಚ್ಚಿಕೊಂಡರೆ ಬಾಡಿಯಲ್ಲಿ ಜೀವ ಇದೆ. ತಾಗಿದರೆ, ಹಿಡಿದರೆ, ಅಲ್ಲೇ ನಿಲ್ಲಿಸಿ ಯೋಚನೆ ಮಾಡಿ. ಕಾರು ಮಾರುವವರು ಜಾಕ್ ಹಾಕಲು ಬಿಡುವುದಿಲ್ಲ ಅಂದರೆ ಅದೇ ನಿಮಗೆ ಉತ್ತರ.

ತಗಡಿನ ತೂತು, ತಗ್ಗು ಮುಚ್ಚಲು ಮೆತ್ತಿದ ಪುಟ್ಟಿ ಕಂಡುಹಿಡಿಯಲು ಸಣ್ಣ ಮ್ಯಾಗ್ನೆಟ್ ಸಾಕು. ತೆಳು ಬಟ್ಟೆ ಸುತ್ತಿ ಮಡ್‌ಗಾರ್ಡ್ ಮೇಲಿನಿಂದ ಕೆಳಕ್ಕೆ ಜಾರಿಸುತ್ತಾ ಬನ್ನಿ. ಮೇಲೆ ಗಟ್ಟಿಯಾಗಿ ಹಿಡಿದದ್ದು ಕೆಳಗೆ ಬಂದಾಗ ಜಾರಿ ಬಿದ್ದರೆ ಅಲ್ಲಿ ತಗಡಿಲ್ಲ, ಪುಟ್ಟಿ ಇದೆ. ಮುಂದಿನ ಮಡ್‌ಗಾರ್ಡಿನ ಹಿಂಭಾಗದ ಕೆಳತುದಿ, ಹಿಂದಿನ ಚಕ್ರದ ಕಮಾನು, ಡೋರ್ ತಳ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ, ಸೀಟಿನ ಕೆಳಗಿನ ಫ್ಲೋರ್, ಇಷ್ಟನ್ನು ಬಿಡದೆ ನೋಡಿ. ಹುಡ್ ಮಡಚುವ ಜಾಗದಲ್ಲಿ ಮಳೆನೀರು ಹೋಗಲು ದಾರಿ ಬಿಟ್ಟಿರುತ್ತಾರೆ. ಎಲೆ, ಮಣ್ಣು ಸೇರಿ ಅದು ಕಟ್ಟಿಕೊಂಡರೆ ನೀರು ಒಳಗೇ ಇಳಿದು ನಿಲ್ಲುತ್ತದೆ. ಹೊರಗಡೆ ಬಣ್ಣ ಉಬ್ಬಿದ್ದು ಕಾಣುವ ಹೊತ್ತಿಗೆ ಒಳಗೆ ಕೆಲಸ ಮುಗಿದಿರುತ್ತದೆ. ಫಿಯೆಟ್ 124 ಸ್ಪೈಡರ್ ಆದರೆ ಬಾನೆಟ್ ಎತ್ತಿ, ಮುಂದಿನ ಶಾಕ್ ಅಬ್ಸಾರ್ಬರ್ ಕೂರುವ ಗೋಪುರ ನೋಡಿ. ಆ ಕಾರಿನಲ್ಲಿ ತುಕ್ಕಿಗೆ ಬಹಳ ಇಷ್ಟವಾದ ಜಾಗ ಅದು. ಸಸ್ಪೆನ್ಷನ್ ಭಾರ ಪೂರ್ತಿ ಅಲ್ಲೇ ಬೀಳುವುದರಿಂದ ಪ್ರಾಣಕ್ಕೂ ಅಪಾಯ.

ಇನ್ನೊಂದು ವಿಷಯ ಹುಡುಗರು ಯೋಚಿಸುವುದಿಲ್ಲ. ನಮಗೆ ಬಲಗಡೆ ಸ್ಟೇರಿಂಗ್ ಬೇಕು, ಹಾಗಾಗಿ ಇಂಗ್ಲೆಂಡಿನ ಕಾರೇ ಒಳ್ಳೆಯದು ಅನ್ನುತ್ತಾರೆ. ಆಲ್ಫಾದಲ್ಲಿ ಬಲಗಡೆ ಸ್ಟೇರಿಂಗ್ ಇರುವವು ಸಿಗುತ್ತವೆ ನಿಜ. ಫಿಯೆಟ್ 124 ಸ್ಪೈಡರ್ ಅನ್ನು ಕಂಪನಿ ಎಡಗಡೆ ಸ್ಟೇರಿಂಗ್‌ನಲ್ಲಿ ಮಾತ್ರ ಮಾಡಿತು. ಆದರೆ ಇಂಗ್ಲೆಂಡಿನಲ್ಲಿ ಚಳಿಗಾಲದಲ್ಲಿ ರಸ್ತೆ ಮೇಲೆ ಹಿಮ ಕಟ್ಟಬಾರದು ಅಂತ ಉಪ್ಪು ಹಾಕುತ್ತಾರೆ. ಆ ಉಪ್ಪುನೀರು ಚಕ್ರದಿಂದ ಎರಚಿ ತಳದ ಸಂದಿಗಳಲ್ಲೆಲ್ಲಾ ಸೇರುತ್ತದೆ. ಈ ಸ್ಪೈಡರ್‌ಗಳು ಅಮೆರಿಕದಲ್ಲೂ ಬಹಳ ಮಾರಾಟವಾಗಿದ್ದವು. ಅಲ್ಲಿ ಕ್ಯಾಲಿಫೋರ್ನಿಯಾದಂಥ ಒಣ ಊರಿನಲ್ಲೇ ಇದ್ದ ಕಾರಿನ ತಗಡು ಎಷ್ಟೋ ಮೇಲು. ಸೀಟು ಬಿಸಿಲಿಗೆ ಬಿರಿದಿರಬಹುದು, ಡ್ಯಾಶ್‌ಬೋರ್ಡ್ ಸೀಳಿರಬಹುದು. ಸೀಟು ಹೊಲಿಸಬಹುದು. ಕಾರು ಯಾವ ಊರಿನಲ್ಲಿ ಮಳೆಗಾಲ, ಚಳಿಗಾಲ ಕಳೆದಿದೆ ಅನ್ನುವುದು ಎಷ್ಟು ಕಿಲೋಮೀಟರ್ ಓಡಿದೆ ಅನ್ನುವುದಕ್ಕಿಂತ ಮುಖ್ಯ.

ಇಂಜಿನ್ ಬಗ್ಗೆ ಮೆಕ್ಯಾನಿಕ್‌ಗಳು ನನಗಿಂತ ಚೆನ್ನಾಗಿ ಹೇಳುತ್ತಾರೆ. ಆಲ್ಫಾದಲ್ಲಿ ಗೇರ್‌ಬಾಕ್ಸ್ ತಣ್ಣಗಿದ್ದಾಗ ಎರಡನೇ ಗೇರ್ ಕರಕರ ಅನ್ನುತ್ತದಾ ನೋಡಿ. ಫಿಯೆಟ್‌ನಲ್ಲಿ ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದು ಅಂತ ಕೇಳಿ, ಲೆಕ್ಕ ಸಿಗದಿದ್ದರೆ ಕಾರು ಓಡಿಸುವ ಮೊದಲೇ ಹೊಸದು ಹಾಕಿಸಿ. ನಮ್ಮ ಬಂಕ್‌ಗಳಲ್ಲಿ ಈಗ 20% ಎಥನಾಲ್ ಸೇರಿದ ಪೆಟ್ರೋಲ್ ಸಿಗುವುದು, ಅದು ಹಳೇ ರಬ್ಬರ್ ಕೆಡಿಸುತ್ತದೆ, ಆದ್ದರಿಂದ ಹಳೇ ರಬ್ಬರ್ ಪೈಪ್‌ಗಳನ್ನೆಲ್ಲ ಕಿತ್ತು ಹೊಸದು ಹಾಕಿಸಿ. ಪಿಸ್ಟನ್, ಗ್ಯಾಸ್ಕೆಟ್, ಕಾರ್ಬ್ಯುರೇಟರ್ ಕಿಟ್ ಎಲ್ಲಾ ಇವತ್ತಿಗೂ ಯುರೋಪಿನಿಂದ ಪಾರ್ಸೆಲ್‌ನಲ್ಲಿ ಬರುತ್ತವೆ. ಫ್ಲೋರ್ ತಗಡೂ ಬರುತ್ತದೆ. ಅದನ್ನು ಅಳತೆ ತಪ್ಪದೆ, ಬಾಡಿ ತಿರುಚದೆ ಕೂರಿಸುವ ಕೈ ಪಾರ್ಸೆಲ್‌ನಲ್ಲಿ ಬರುವುದಿಲ್ಲ.

ಕಾನೂನೂ ಬಾಡಿಯನ್ನೇ ಕೇಳುತ್ತದೆ. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ 50 ವರ್ಷ ಮೀರಿದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ನಂಬರಿನಲ್ಲಿ ರಾಜ್ಯದ ಅಕ್ಷರ ಆದ ಮೇಲೆ ‘ವಿಎ’ ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ. ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಇಂಜಿನ್ ಮಾರ್ಪಾಡು ಆಗಿರಬಾರದು ಅನ್ನುವುದು ಷರತ್ತು. ತುಕ್ಕು ತಿಂದ ಬಾಡಿ ಬಿಸಾಕಿ ಬೇರೆ ಬಾಡಿ ಹಾಕಿಸೋಣ ಅನ್ನುವ ದಾರಿ ಇಲ್ಲಿ ಮುಚ್ಚಿತು. ಇರುವುದನ್ನೇ ಉಳಿಸಿಕೊಳ್ಳಬೇಕು. ಈ ನಂಬರಿನ ಗಾಡಿಯನ್ನು ದಿನಾ ಓಡಿಸುವಂತಿಲ್ಲ ಅನ್ನುವುದೂ ಗೊತ್ತಿರಲಿ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ಪೆಟ್ರೋಲ್, ರಿಪೇರಿ ಇಂಥದ್ದಕ್ಕೆ ಮಾತ್ರ ರಸ್ತೆಗಿಳಿಸಬಹುದು. ಪ್ರತಿ ಭಾನುವಾರ ದೇವರಾಯನದುರ್ಗದ ತಿರುವುಗಳಲ್ಲಿ ಓಡಿಸೋಣ ಅಂತ ಕನಸು ಕಟ್ಟಿರುವವರು ಇದನ್ನು ಮೊದಲೇ ಓದಿಕೊಳ್ಳಲಿ.

ಇಟಲಿಯ ಟೂರಿನ್ ಊರಿನ ಬಗ್ಗೆ ನನಗೆ ಬಹಳ ಗೌರವ. ಬತ್ತಿಸ್ತಾ ಫರೀನಾ ಅನ್ನುವವರು ಇನ್ನೂ ಹುಡುಗನಿದ್ದಾಗಲೇ ಅಣ್ಣನ ಬಾಡಿ ಶಾಪ್‌ನಲ್ಲಿ ಕೆಲಸಕ್ಕೆ ಸೇರಿದರು. 1930ರಲ್ಲಿ ಸ್ವಂತ ಕಂಪನಿ ಶುರು ಮಾಡಿದರು. ಅದೇ ಪಿನಿನ್‌ಫರೀನಾ. ಆಲ್ಫಾ ಸ್ಪೈಡರ್, ಫಿಯೆಟ್ 124 ಸ್ಪೈಡರ್, ಎರಡೂ 1966ರಲ್ಲಿ ಬಂದವು, ಎರಡರ ಬಾಡಿಯೂ ಅಲ್ಲಿಯದೇ. 2015ರಲ್ಲಿ ಆ ಕಂಪನಿಯನ್ನು ನಮ್ಮ ಮಹೀಂದ್ರಾದವರು ಕೊಂಡರು ಅಂತ ಓದಿದಾಗ ನನಗೆ ಹೆಮ್ಮೆ ಆಗಿತ್ತು. ಸ್ಪೈಡರ್ ಕಾಲಕ್ಕೆ ದೊಡ್ಡ ಪ್ರೆಸ್‌ಗಳು ಬಂದಿದ್ದವು. ಅದಕ್ಕೂ ಹಿಂದೆ ಅಲ್ಲಿನ ಕೆಲಸಗಾರರು ಮರಳಿನ ಚೀಲದ ಮೇಲೆ ತಗಡಿಟ್ಟು, ಮರದ ಸುತ್ತಿಗೆಯಲ್ಲಿ ಬಡಿದು, ಮರದ ಅಚ್ಚಿಗೆ ಹೊಂದಿಸಿ ಮಡ್‌ಗಾರ್ಡ್ ಎಬ್ಬಿಸುತ್ತಿದ್ದರು. ಮಿಲಾನ್‌ನ ಟೂರಿಂಗ್ ಅನ್ನುವ ಕಂಪನಿ ಸಣ್ಣ ಸ್ಟೀಲ್ ಪೈಪ್‌ಗಳ ಚೌಕಟ್ಟು ಮಾಡಿ ಅದಕ್ಕೆ ಅಲ್ಯೂಮಿನಿಯಂ ಹೊದಿಸುತ್ತಿತ್ತು. ಅಂಥ ಕಾರಿಗೆ ಮ್ಯಾಗ್ನೆಟ್ ಹಿಡಿಯುವುದಿಲ್ಲ, ಗಾಬರಿ ಬೇಡ. ಆದರೆ ಸ್ಟೀಲ್‌ಗೆ ಅಲ್ಯೂಮಿನಿಯಂ ತಾಗುವ ಕಡೆ ತೇವ ಸೇರಿದರೆ ಅಲ್ಯೂಮಿನಿಯಂ ಪುಡಿಯಾಗುತ್ತದೆ. ಅದನ್ನು ಹುಡುಕಲು ಗೊತ್ತಿರುವವರೇ ಬೇಕು.

ಆ ಕೆಲಸಗಾರರು ಹಿಡಿದದ್ದೂ ಸುತ್ತಿಗೆ ಮತ್ತು ತಗಡಿನ ಹಿಂದೆ ಒತ್ತಿ ಹಿಡಿಯುವ ಡಾಲಿ, ನಾವು ಹಿಡಿದಿರುವುದೂ ಅದೇ. ತುಮಕೂರಿನಲ್ಲಿ ಈ ಕೈಗಳು ಕಡಿಮೆ ಆಗುತ್ತಿವೆ. ಈಗಿನ ಕಾರಿಗೆ ಪೆಟ್ಟಾದರೆ ಡೋರ್ ಕಿತ್ತು ಹೊಸ ಡೋರ್ ಹಾಕುತ್ತಾರೆ, ಇನ್ಶೂರೆನ್ಸ್ ದುಡ್ಡು ಕೊಡುತ್ತದೆ, ಅಲ್ಲಿಗೆ ಮುಗಿಯಿತು. ನನ್ನ ಶೆಡ್‌ಗೆ ಬರುವ ಹುಡುಗರು ಬೋಲ್ಟ್ ಬಿಚ್ಚುವುದನ್ನು ಬೇಗ ಕಲಿಯುತ್ತಾರೆ. ಹಿಗ್ಗಿದ ತಗಡನ್ನು ಗ್ಯಾಸ್‌ನಲ್ಲಿ ಕಾಯಿಸಿ, ಒದ್ದೆ ಬಟ್ಟೆ ಒತ್ತಿ ಕುಗ್ಗಿಸುವುದನ್ನು ಕಲಿಯಲು ಕೂರುವವರಿಲ್ಲ. ಯಾಕೆ ಕೂರಬೇಕು ಅಂತ ಅವರೂ ಕೇಳುತ್ತಾರೆ. ಆ ಕೆಲಸ ಬರುತ್ತಲೇ ಇರಲಿಲ್ಲವಲ್ಲ.

ಈಗ ಬರಬಹುದು. 50 ವರ್ಷದ ಕಾರುಗಳು ಬಂದರೆ ಅವನ್ನು ಪುಟ್ಟಿ ತುಂಬಿ ಮಾರುವವರೂ ಬರುತ್ತಾರೆ, ಅದನ್ನು ತಡೆಯುವುದು ತಗಡು ಬಲ್ಲವರಿಂದ ಮಾತ್ರ ಆಗುತ್ತದೆ. ಐಟಿಐಗಳಲ್ಲಿ ಶೀಟ್ ಮೆಟಲ್, ಆಟೊ ಬಾಡಿ ರಿಪೇರಿ ಅಂತ ಟ್ರೇಡ್‌ಗಳು ಇವೆ. ನಮ್ಮ ಜಿಲ್ಲೆಯ ಐಟಿಐಗಳಲ್ಲಿ ಆ ಪಾಠದ ಜೊತೆ ಕೈಯಲ್ಲಿ ತಗಡು ಬಡಿಯುವುದು, ಗ್ಯಾಸ್ ವೆಲ್ಡಿಂಗ್, ಹಳೇ ಬಾಡಿ ಅಳೆಯುವುದನ್ನು ಶೆಡ್‌ನವರ ಕೈಯಿಂದಲೇ ಕಲಿಸಲಿ ಎಂದು ನಿಮ್ಮ ಪತ್ರಿಕೆಯ ಮೂಲಕ ಕೇಳುತ್ತೇನೆ. ಪದ್ಮಿನಿಯ ಹಳೇ ಡೋರು, ಮಡ್‌ಗಾರ್ಡು ನನ್ನ ಶೆಡ್‌ನಲ್ಲಿ ಇನ್ನೂ ಇವೆ, ಹುಡುಗರ ಅಭ್ಯಾಸಕ್ಕೆ ಕೊಡುತ್ತೇನೆ. ಕರೆದರೆ ನನ್ನ ಸಾಮಾನು ತೆಗೆದುಕೊಂಡು ನಾನೂ ಬರುತ್ತೇನೆ. ಸೋಮವಾರ ಶೆಡ್‌ಗೆ ರಜೆ, ಆ ದಿನ ಆದರೆ ಅನುಕೂಲ.

ಇತಿ,
ನಿಮ್ಮ ಓದುಗ, ಟಿಂಕರ್ ಕೆಲಸದವನು
ಶಿರಾ ಗೇಟ್, ತುಮಕೂರು