ಸ್ಟೋರೇಜ್ ಸರ್ವರ್‌ನ ನೆಟ್‌ವರ್ಕ್ ಸೆಟ್ಟಿಂಗ್ಸ್ ಮುಟ್ಟುವ ಮುಂಚೆ

ಎಲ್ಲರಿಗೂ ನಮಸ್ಕಾರ. ಸರ್ವರ್‌ನ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಡಿಎಚ್‌ಸಿಪಿಯಿಂದ, ಅಂದರೆ ವಿಳಾಸಗಳನ್ನು ತಾನಾಗಿ ಹಂಚುವ ವ್ಯವಸ್ಥೆಯಿಂದ, ಬರುತ್ತಿದ್ದರೆ ಮೊದಲು ಅದನ್ನು ಸ್ಥಿರ ಮಾಡಿಕೊಳ್ಳಿ. ರೂಟರ್ ತಾನಾಗಿ ಹಂಚುವ ವಿಳಾಸಗಳ ಆಚೆಗಿನದನ್ನೇ ಆರಿಸಿ. ಇಲ್ಲದಿದ್ದರೆ ಅದೇ ವಿಳಾಸ ಯಾವುದೋ ಫೋನಿಗೂ ಸಿಕ್ಕಿ, ಶೇರ್ ಮಾಡಿದ ಫೋಲ್ಡರ್‌ಗಳು ಆಗಾಗ ಮಾಯವಾಗುತ್ತವೆ. ಡೀಫಾಲ್ಟ್ ಗೇಟ್‌ವೇ (ಹೊರಗಿನ ನೆಟ್‌ವರ್ಕ್‌ಗೆ ಹೋಗುವ ದಾರಿ, ಸಾಮಾನ್ಯವಾಗಿ ರೂಟರ್) ಒಂದೇ ಇರಲಿ.

ಜಂಬೋ ಫ್ರೇಮ್, ಅಂದರೆ ಡೇಟಾವನ್ನು ದೊಡ್ಡ ದೊಡ್ಡ ಕಂತುಗಳಲ್ಲಿ ಕಳಿಸುವುದರ ಬಗ್ಗೆಯೇ ಜಾಸ್ತಿ ಪ್ರಶ್ನೆ ಬರುತ್ತಿದೆ, ಅಲ್ವಾ? ಎಂಟಿಯು (ಒಂದು ಪ್ಯಾಕೆಟ್‌ನಲ್ಲಿ, ಅಂದರೆ ಡೇಟಾದ ಒಂದು ಕಂತಿನಲ್ಲಿ, ಹೋಗಬಹುದಾದ ಗರಿಷ್ಠ ಗಾತ್ರ) 1500 ಬೈಟ್‌ನಿಂದ 9000ಕ್ಕೆ ಏರಿಸುವುದಾದರೆ ಸರ್ವರ್, ಸ್ವಿಚ್, ಕಂಪ್ಯೂಟರ್ ಮೂರರಲ್ಲೂ ಏರಿಸಬೇಕು. ಒಂದು ಕಡೆ ಬಿಟ್ಟುಹೋದರೆ ತಮಾಷೆ ನೋಡಿ: ಪಿಂಗ್ (ಸಂಪರ್ಕ ಇದೆಯಾ ಎಂದು ನೋಡುವ ಪುಟ್ಟ ಸಂದೇಶ) ಸರಿಯಾಗಿ ಬರುತ್ತದೆ, ಲಾಗಿನ್ ಕೂಡ ಆಗಬಹುದು, ದೊಡ್ಡ ಫೈಲ್ ಕಾಪಿ ಶುರು ಮಾಡಿದರೆ ಅಲ್ಲೇ ನಿಂತುಬಿಡಬಹುದು. ಪರೀಕ್ಷಿಸಲು, ಪ್ಯಾಕೆಟ್ ತುಂಡಾಗದಂತೆ ತಡೆಯುವ ಆಯ್ಕೆ ಹಾಕಿ 8972 ಬೈಟ್‌ನ ಪಿಂಗ್ ಕಳಿಸಿ. 9000ದಲ್ಲಿ ಉಳಿದ 28 ಬೈಟ್ ಹೆಡರ್‌ಗಳಿಗೆ (ಪ್ಯಾಕೆಟ್‌ನ ಮುಂದಿರುವ ವಿಳಾಸ ಮುಂತಾದ ಮಾಹಿತಿಗೆ) ಬೇಕು. ಗಿಗಾಬಿಟ್ ನೆಟ್‌ವರ್ಕ್‌ನಲ್ಲಿ ಜಂಬೋ ಫ್ರೇಮ್‌ನ ಲಾಭ ಕಮ್ಮಿ. ಸುಮ್ನೆ 1500ರಲ್ಲೇ ಬಿಡಿ ಅನ್ನುತ್ತೇನೆ.

ಎಲ್‌ಎಸಿಪಿಯಲ್ಲಿ (ಹಲವು ನೆಟ್‌ವರ್ಕ್ ಪೋರ್ಟ್‌ಗಳನ್ನು ಒಂದಾಗಿ ಬಳಸುವ ವಿಧಾನ) ಎರಡು ಪೋರ್ಟ್ ಸೇರಿಸಿದರೆ ಒಂದೇ ಕಾಪಿಯ ವೇಗ ದುಪ್ಪಟ್ಟಾಗುವುದಿಲ್ಲ. ಹಲವರು ಒಟ್ಟಿಗೆ ಬಳಸುವಾಗ ಉಪಯೋಗ. ಸ್ವಿಚ್‌ನಲ್ಲೂ ಅದನ್ನು ಆನ್ ಮಾಡಬೇಕು.

ಸರ್ವರ್‌ಗೆ ಮಾನಿಟರ್, ಕೀಬೋರ್ಡ್ ಜೋಡಿಸಿಕೊಂಡೇ ಬದಲಾವಣೆ ಮಾಡಿ. ಐಪಿ ತಪ್ಪಿದರೆ ಬ್ರೌಸರ್‌ನಿಂದ ಒಳಹೋಗಲು ದಾರಿ ಇರುವುದಿಲ್ಲ.