ಹಿತ್ತಲಿನ ಒಂದು ರೂಮಿಗೂ ಅದೇ ಕಾನೂನು ಯಾಕೆ?

ಮಾನ್ಯ ಸಂಪಾದಕರೇ,

ಮೈಸೂರಿನ ಹಳೆ ಬಡಾವಣೆಗಳಲ್ಲಿ ಹಿತ್ತಲು ಉಳಿಸಿಕೊಂಡಿರುವ ಮನೆಗಳಲ್ಲೆಲ್ಲ ಈಗ ಒಂದೇ ಮಾತು: ಹಿಂದೆ ಒಂದು ಸಣ್ಣ ರೂಮು ಹಾಕಿಸಬೇಕು. ಮೆಟ್ಟಿಲು ಹತ್ತಲಾಗದ ಅಮ್ಮನಿಗೆ, ಮನೆಯಿಂದಲೇ ಕಂಪನಿ ಕೆಲಸ ಮಾಡುವ ಮಗಳಿಗೆ, ಹೊಲಿಗೆ ಮೆಷಿನ್ ಇಟ್ಟುಕೊಳ್ಳುವುದಕ್ಕೆ, ಇಲ್ಲವೇ ಮಾನಸಗಂಗೋತ್ರಿಗೆ ಓದಲು ಬಂದ ಹುಡುಗನಿಗೆ ಬಾಡಿಗೆಗೆ. ಹತ್ತಕ್ಕೆ ಹನ್ನೆರಡು ಅಡಿ, ಮೇಲೆ ಶೀಟು, ಅಷ್ಟೇ. ಈಗಂತೂ ರೆಡಿಮೇಡ್ ಕ್ಯಾಬಿನ್‌ಗಳು ಲಾರಿಯಲ್ಲಿ ಬಂದು ಕ್ರೇನಿನಿಂದ ಇಳಿಯುತ್ತವೆ. ಇದಕ್ಕೆ ಲೈಸೆನ್ಸ್ ಬೇಕಾ ಎಂದು ಕೇಳಿದರೆ ಮೇಸ್ತ್ರಿ ಒಂದು ಹೇಳುತ್ತಾರೆ, ಪ್ಲಾನ್ ಬರೆಯುವ ಎಂಜಿನಿಯರ್ ಇನ್ನೊಂದು. ಕ್ಯಾಬಿನ್ ಮಾರುವವರು "ಇದು ಕಟ್ಟಡಾನೇ ಅಲ್ಲ ಸಾರ್, ಯಾವಾಗ ಬೇಕಾದ್ರೂ ಎತ್ಕೊಂಡು ಹೋಗ್ಬೋದು" ಎನ್ನುತ್ತಾರೆ.

ಕಾನೂನು ಹಾಗೆ ಹೇಳುವುದಿಲ್ಲ. 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ ತೆಗೆದು ನೋಡಿ. ಮನೆ, ಔಟ್‌ಹೌಸ್, ಶೆಡ್, ಗುಡಿಸಲು ಎಲ್ಲವೂ 'ಕಟ್ಟಡ'ವೇ. ಇಟ್ಟಿಗೆಯದಾಗಲಿ, ಮರದ್ದಾಗಲಿ, ಮಣ್ಣು, ಲೋಹದ್ದಾಗಲಿ, ವ್ಯತ್ಯಾಸವಿಲ್ಲ. ಕಟ್ಟುವ ಮುಂಚೆ 299ನೇ ಸೆಕ್ಷನ್ ಪ್ರಕಾರ ಅರ್ಜಿ ಹಾಕಬೇಕು. ಅಂದರೆ ನೂರಿಪ್ಪತ್ತು ಚದರಡಿಯ ಶೀಟಿನ ರೂಮೂ ನಾಲ್ಕು ಮಹಡಿಯ ಅಪಾರ್ಟ್‌ಮೆಂಟೂ ಒಂದೇ ಬಾಗಿಲಲ್ಲಿ ನಿಲ್ಲಬೇಕು.

ಇದರಿಂದ ಏನಾಗುತ್ತಿದೆ ಎಂದು ಯಾವ ಬೀದಿಯ ಹಿತ್ತಲಲ್ಲಿ ಬೇಕಾದರೂ ನೋಡಬಹುದು. ಅರ್ಜಿ ಹಾಕುವ ಗೋಜೇ ಬೇಡ ಎಂದು ಜನ ಭಾನುವಾರ ನೋಡಿಕೊಂಡು ಕೆಲಸ ಮುಗಿಸುತ್ತಾರೆ. ಗೋಡೆಯ ಖರ್ಚು ಉಳಿಯಲಿ ಎಂದು ಪಕ್ಕದ ಮನೆಯ ಕಾಂಪೌಂಡಿಗೇ ಶೀಟು ಕೂರಿಸುತ್ತಾರೆ. ಇಳಿಜಾರು ಆ ಕಡೆಗೇ. ಒಂದು ಜೋರು ಮಳೆ ಬಂದರೆ ಶೀಟಿನ ನೀರೆಲ್ಲ ಪಕ್ಕದವರ ಸಂಪಿನ ಮುಚ್ಚಳದ ಮೇಲೆ. ಕಿಟಕಿ ಇಟ್ಟರೆ ಅವರಿಗೆ ಕಾಣುತ್ತದೆ ಎಂದು ಕಿಟಕಿಯನ್ನೇ ಬಿಟ್ಟುಬಿಡುತ್ತಾರೆ. ಏಪ್ರಿಲ್ ಬಿಸಿಲಿನಲ್ಲಿ ಆ ರೂಮಿನಲ್ಲಿ ವಯಸ್ಸಾದವರು ಮಲಗಬೇಕು! ಬಟ್ಟೆ ಒಣಗಿಸುವ ತಂತಿಯ ಪಕ್ಕದಲ್ಲೇ ಕರೆಂಟ್ ವೈರು ಎಳೆದಿರುತ್ತಾರೆ. ಕೆಲವರು ಇನ್ನೂ ಮುಂದೆ ಹೋಗಿ ಹಿಂದಿನ ಕನ್ಸರ್ವೆನ್ಸಿ ಗಲ್ಲಿಯನ್ನೂ, ಅಂದರೆ ಚರಂಡಿ ಕೆಲಸಕ್ಕೆಂದು ಬಿಟ್ಟ ಓಣಿಯನ್ನೂ, ಸೇರಿಸಿಕೊಳ್ಳುತ್ತಾರೆ. ನಮ್ಮ ಊರಿನ ಹಳೆ ಬಡಾವಣೆಗಳಲ್ಲಿ ಆ ಗಲ್ಲಿ ಮುಚ್ಚಿದರೆ ಒಳಚರಂಡಿ ಕಟ್ಟಿಕೊಂಡಾಗ ಕೆಲಸದವರು ಒಳಗೆ ಹೋಗುವುದಾದರೂ ಹೇಗೆ?

ಇದೆಲ್ಲ ಜನರ ದುರಾಸೆ ಎಂದು ತಳ್ಳಿಹಾಕುವುದು ಸುಲಭ. ನನಗೆ ಹಾಗನಿಸುವುದಿಲ್ಲ. ಭಯದಲ್ಲಿ, ಅವಸರದಲ್ಲಿ ಕಟ್ಟಿದ್ದು ಹೀಗೇ ಇರುತ್ತದೆ. ಹೀಗೆ ಮಾಡಿದರೆ ಸರಿ ಎಂದು ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟೋ ಜನ ಹಾಗೇ ಮಾಡುತ್ತಿದ್ದರು.

ಇಂಗ್ಲೆಂಡಿನಲ್ಲಿ ಇದಕ್ಕೊಂದು ದಾರಿ ಇದೆ. ಹಿತ್ತಲಿನ ಒಂದಂತಸ್ತಿನ ಶೆಡ್ಡು, ಕ್ಯಾಬಿನ್ ಕೆಲವು ಅಳತೆಯೊಳಗಿದ್ದರೆ ಸಾಮಾನ್ಯವಾಗಿ ಪ್ಲಾನಿಂಗ್ ಅನುಮತಿಯೇ ಬೇಡ. ಗಡಿಯಿಂದ 2 ಮೀಟರ್ ಒಳಗೆ ಬಂದರೆ ಎತ್ತರ ಎರಡೂವರೆ ಮೀಟರ್ ದಾಟಬಾರದು. ಮನೆಯ ಮುಂಭಾಗದಲ್ಲಿ ಕಟ್ಟುವಂತಿಲ್ಲ. ಮನೆಯ ಸುತ್ತಲಿನ ಜಾಗದಲ್ಲಿ ಅರ್ಧಕ್ಕಿಂತ ಜಾಸ್ತಿ ಮುಚ್ಚುವಂತಿಲ್ಲ. 15 ಚದರ ಮೀಟರ್ ಒಳಗಿದ್ದು ಯಾರೂ ಮಲಗದಿದ್ದರೆ ಕಟ್ಟಡ ನಿಯಮಗಳ ತಪಾಸಣೆಯೂ ಸಾಮಾನ್ಯವಾಗಿ ಇಲ್ಲ. ಮಲಗುವ ಕೋಣೆಯಾದರೆ ನಿಯಮ ಬಿಗಿ. ನನಗೆ ಹಿಡಿಸಿದ್ದು ಈ ಕೊನೆಯ ಮಾತು. ಸಾಮಾನು ಇಡುವ ಶೆಡ್ಡೂ ಮನುಷ್ಯ ಮಲಗುವ ರೂಮೂ ಒಂದೇ ಅಲ್ಲ, ಅಲ್ವಾ?

ಅಲ್ಲಿನ ಅಳತೆಯನ್ನೇ ಇಲ್ಲಿಗೆ ತನ್ನಿ ಎಂದು ನಾನು ಹೇಳುತ್ತಿಲ್ಲ. ಅಲ್ಲಿನ ಹಿತ್ತಲು ಬೇರೆ, ನಮ್ಮದು ಬೇರೆ. 30x40 ಸೈಟಿನಲ್ಲಿ ಮನೆ ಕಟ್ಟಿದ ಮೇಲೆ ಇದಕ್ಕೆ ಜಾಗವೇ ಇರುವುದಿಲ್ಲ, ಅಲ್ಲಿ ಕೊಡಲೂಬಾರದು. 40x60 ಮತ್ತು ಅದಕ್ಕಿಂತ ದೊಡ್ಡ ಸೈಟುಗಳಿಗೆ ಮಾತ್ರ ಒಂದು ಸರಳ ನಿಯಮ ಮಾಡಬಹುದು. 120 ಚದರಡಿ ಒಳಗಿನ ಒಂದೇ ರೂಮು, ಮೇಲೆ ಇನ್ನೊಂದು ಮಹಡಿ ಇಲ್ಲ, ಮೂರು ಕಡೆಯ ಕಾಂಪೌಂಡಿನಿಂದಲೂ ಕನಿಷ್ಠ ಮೂರಡಿ ದೂರ, ಶೀಟಿನ ನೀರು ನಮ್ಮ ಜಾಗದಲ್ಲೇ ಇಂಗಬೇಕು. ಇಷ್ಟಿದ್ದರೆ ಒಂದು ಪುಟದ ಅರ್ಜಿ, ಕೈಯಲ್ಲಿ ಬರೆದ ನಕ್ಷೆ, ಒಂದು ರಸೀದಿ ಸಾಕು. ಯಾರಾದರೂ ಮಲಗುವ ರೂಮಾದರೆ ಕಿಟಕಿ ಕಡ್ಡಾಯ, ವೈರಿಂಗ್ ಲೈಸೆನ್ಸ್ ಇರುವವರೇ ಮಾಡಬೇಕು. ವಾಸಕ್ಕೆ ಒಂದೇ ಕೋಣೆಯಿದ್ದರೆ ಅದು ಕನಿಷ್ಠ 9.5 ಚದರ ಮೀಟರ್, ಅಂದರೆ ಸುಮಾರು 102 ಚದರಡಿ ಇರಬೇಕು ಎಂದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಹತ್ತಕ್ಕೆ ಹನ್ನೆರಡರ ರೂಮು ಅದಕ್ಕೆ ಆರಾಮವಾಗಿ ಹೊಂದುತ್ತದೆ.

ಕಟ್ಟಿದ ಮೇಲೆ ಸಕ್ರಮ ಮಾಡಿಸಿಕೊಂಡರಾಯಿತು ಎನ್ನುವವರೂ ಇದ್ದಾರೆ. ಅಕ್ರಮ ಸಕ್ರಮ ಯೋಜನೆಗೆ 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅದೇ ಕೋರ್ಟ್ 2024ರ ಡಿಸೆಂಬರ್ 17ರ ತೀರ್ಪಿನಲ್ಲಿ, ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ನೋಡಿಯೇ ಕರೆಂಟ್, ನೀರು ಕೊಡಿ ಎಂದಿತು. ಕಟ್ಟಿ ಆಮೇಲೆ ನೋಡೋಣ ಎನ್ನುವ ಕಾಲ ಹೋಯಿತು.

ಹಾಗಾಗಿ ನಿಯಮ ಮೊದಲೇ ಬರಲಿ. ಪಾಲಿಕೆಯೂ ಮೈಸೂರಿನ ಅಭಿವೃದ್ಧಿ ಪ್ರಾಧಿಕಾರವೂ ಕೂತು ಒಂದೇ ಅಳತೆ ಒಪ್ಪಿಕೊಳ್ಳಲಿ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಅಲ್ಲಗಳೆಯದ ಹಾಗೆ. ಚಿತ್ರ ಸಮೇತ ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ವಲಯ ಕಚೇರಿಯ ಗೋಡೆಗೆ ಅಂಟಿಸಲಿ. ಮೇಸ್ತ್ರಿಗಳಿಗೂ ವೆಲ್ಡಿಂಗ್ ಅಂಗಡಿಯವರಿಗೂ ಒಂದೊಂದು ಪ್ರತಿ ಕೊಡಲಿ. ಜನ ಮೊದಲು ಹೋಗಿ ಕೇಳುವುದು ಅವರನ್ನೇ.

ಇಂತಿ,
ಒಬ್ಬ ಓದುಗ
ಸರಸ್ವತಿಪುರಂ, ಮೈಸೂರು