ಪುಟ್ಟಿಯ ಮಾತ್ರೆ ನಿಲ್ಲಿಸಬೇಡಿ

ಲಿವರ್‌ಪೂಲ್

ಪ್ರೀತಿಯ ಅಪ್ಪ, ಅಮ್ಮ,

ನಾನು ಚೆನ್ನಾಗಿದ್ದೇನೆ. ಸಕಲೇಶಪುರದಲ್ಲಿ ಮಳೆ ಇನ್ನೂ ಬಿಟ್ಟಿಲ್ಲವಂತೆ, ಅಣ್ಣ ಹೇಳಿದ. ತೋಟದಲ್ಲಿ ಸಿಗ್ನಲ್ ನಿಲ್ಲುವುದಿಲ್ಲ, ಫೋನಿನ ಮಾತು ಅರ್ಧಕ್ಕೇ ನಿಂತುಹೋಗುತ್ತದೆ. ಈ ವಿಷಯ ಅರ್ಧ ಕೇಳಿಸಿದರೆ ಸಾಲದು, ಅದಕ್ಕೇ ಬರೆಯುತ್ತಿದ್ದೇನೆ. ಪುಟ್ಟಿಯೂ ಓದಲಿ.

ಅವಳು ಮತ್ತೆ ಪೇಪರ್ ಓದುತ್ತಿದ್ದಾಳೆ ಅಂತ ಕೇಳಿ ಎಷ್ಟು ಖುಷಿಯಾಯಿತು ಗೊತ್ತಾ. ಆದರೆ ಅಮ್ಮಾ, ‘ಕಣ್ಣು ಸರಿಹೋಯ್ತಲ್ಲ, ಇನ್ನು ಮಾತ್ರೆ ಯಾಕೆ’ ಅಂದೆಯಲ್ಲ, ಆ ಮಾತು ನನ್ನನ್ನು ಬಿಡುತ್ತಿಲ್ಲ. ಇದು ಬರೀ ಕಣ್ಣಿನ ಕಾಯಿಲೆ ಅಲ್ಲ. ರಕ್ತದ ವರದಿಯಲ್ಲಿ ಅಕ್ವಾಪೊರಿನ್-4 ಆಂಟಿಬಾಡಿ ಪಾಸಿಟಿವ್ ಅಂತ ಇದೆ. ಕಾಯಿಲೆಯ ಹೆಸರು ನ್ಯೂರೋಮೈಲೈಟಿಸ್ ಆಪ್ಟಿಕಾ, ಎನ್‌ಎಂಒ ಅಂತಾರೆ. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿಬೀಳುವ ಕಾಯಿಲೆ. ಅಕ್ವಾಪೊರಿನ್-4 ಅಂದರೆ ಮಿದುಳು, ನರಗಳ ಜೀವಕೋಶದಲ್ಲಿ ನೀರು ಓಡಾಡುವ ತೂಬು ಇದ್ದ ಹಾಗೆ. ಆ ಆಂಟಿಬಾಡಿ ದಾಳಿ ಮಾಡುವುದು ಈ ತೂಬಿನ ಮೇಲೆ. ಅಂಥ ತೂಬು ಕಣ್ಣಿನ ನರದಲ್ಲೂ ಜಾಸ್ತಿ, ಬೆನ್ನುಹುರಿಯಲ್ಲೂ ಜಾಸ್ತಿ. ಹಾಗಾಗಿ ಇವತ್ತು ಕಣ್ಣಿಗೆ ಬಂದದ್ದು ನಾಳೆ ಬೆನ್ನುಹುರಿಗೂ ಬರಬಹುದು.

ಕಣ್ಣು ಮತ್ತು ಬೆನ್ನುಹುರಿಯ ಈ ನಂಟಿನ ಬಗ್ಗೆ ಯೂಜೀನ್ ಡೆವಿಕ್ ಅನ್ನುವ ಫ್ರೆಂಚ್ ಡಾಕ್ಟರು 1894ರಲ್ಲೇ ಬರೆದಿದ್ದರು. ಆದರೂ ಬಹಳ ಕಾಲ ಇದನ್ನು ಎಂಎಸ್, ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ಇನ್ನೊಂದು ನರದ ಕಾಯಿಲೆಯ ಒಂದು ಬಗೆ ಅಂದುಕೊಂಡಿದ್ದರು. 2004ರಲ್ಲಿ ಈ ಆಂಟಿಬಾಡಿ ಸಿಕ್ಕ ಮೇಲೆ ಎರಡನ್ನೂ ಬೇರೆ ಮಾಡಿ ನೋಡುವುದು ಸುಲಭವಾಯಿತು. ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್‌ನಂಥ ಔಷಧಿ ಕೊಟ್ಟರೆ ಇದು ಹೆಚ್ಚಾಗಬಹುದು. ಯಾವ ಡಾಕ್ಟರ ಹತ್ತಿರ ಹೋದರೂ ಆ ವರದಿ ಕೈಯಲ್ಲಿರಲಿ.

ಈಗ ಮುಖ್ಯವಾದ ಮಾತು. ಬೆನ್ನುಹುರಿ ಊದಿಕೊಂಡಾಗ ಬೆನ್ನು ನೋಯಲೇಬೇಕು ಅಂತಿಲ್ಲ. ಪಾದದಲ್ಲಿ ಜೋಮು ಶುರುವಾಗಿ ಮೇಲಕ್ಕೆ ಏರುತ್ತದೆ. ಎದೆಗೋ ಹೊಟ್ಟೆಗೋ ಪಟ್ಟಿ ಬಿಗಿದು ಕಟ್ಟಿದಂತಾಗುತ್ತದೆ. ಕಾಲು ಸೋಲುತ್ತದೆ. ಮೂತ್ರ ಕಟ್ಟಿಕೊಳ್ಳುತ್ತದೆ. ನಮ್ಮ ವಾರ್ಡಿಗೆ ಬರುವವರಲ್ಲಿ ಎಷ್ಟೋ ಜನ ಇದನ್ನು ನಾಚಿಕೆಯಿಂದ ಹೇಳುವುದೇ ಇಲ್ಲ. ಪುಟ್ಟೀ, ನೀನು ಹೇಳಬೇಕು, ಅಪ್ಪನ ಎದುರು ಆದರೂ ಸರಿ. ದಿನಗಟ್ಟಲೆ ಬಿಕ್ಕಳಿಕೆ, ವಾಂತಿ ನಿಲ್ಲದಿದ್ದರೂ ಗ್ಯಾಸ್ಟ್ರಿಕ್ ಅಂತ ಸುಮ್ನೆ ಕೂರಬೇಡಿ. ಅದೂ ಇದೇ ಕಾಯಿಲೆಯ ಗುರುತು ಆಗಿರಬಹುದು.

ಹಂಡೆ ನೀರು ಬಿಸಿಬಿಸಿ ಹುಯ್ದುಕೊಂಡ ಮೇಲೆ ಕಣ್ಣು ಸ್ವಲ್ಪ ಹೊತ್ತು ಮಂಜಾಗಿ, ಮೈ ತಣ್ಣಗಾದಾಗ ಸರಿಹೋದರೆ ಗಾಬರಿ ಬೇಡ, ಹಳೆಯ ಪೆಟ್ಟು ಬಿಸಿಗೆ ಹಾಗೆ ಎದ್ದು ಕಾಣುತ್ತದೆ. ಆದರೆ ಹೊಸ ಜೋಮು, ಹೊಸ ನಿಶ್ಶಕ್ತಿ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಶಿರಾಡಿ ಘಾಟಿ ಮಳೆಗೆ ಮುಚ್ಚಿದ್ದರೆ ಮಂಗಳೂರಿನ ಯೋಚನೆ ಬಿಡಿ. ನೇರ ಹಾಸನಕ್ಕೆ ಹೋಗಿ, ವರದಿ ತೋರಿಸಿ. ಅಲ್ಲಿಂದ ಬೆಂಗಳೂರಿಗೆ, ನಿಮ್ಹಾನ್ಸ್‌ಗೆ. ಸಾಮಾನ್ಯವಾಗಿ ದಿನಕ್ಕೆ 1 ಗ್ರಾಂನಂತೆ 3ರಿಂದ 5 ದಿನ ಸ್ಟೀರಾಯ್ಡ್ ಡ್ರಿಪ್ ಕೊಡುತ್ತಾರೆ. ಅದಕ್ಕೆ ಬಗ್ಗದಿದ್ದರೆ ಪ್ಲಾಸ್ಮಾ, ಅಂದರೆ ರಕ್ತದ ನೀರಿನಂಥ ಭಾಗವನ್ನು ಬದಲಿಸುತ್ತಾರೆ. ಬೇಗ ಶುರುವಾದಷ್ಟೂ ಕಾಲು ಉಳಿಯುವ ಸಾಧ್ಯತೆ ಹೆಚ್ಚು. ಇದರಲ್ಲಿ ಒಂದೊಂದು ದಾಳಿಯೂ ಏನಾದರೂ ಕಿತ್ತುಕೊಂಡೇ ಹೋಗಬಹುದು, ಪೂರ್ತಿ ವಾಪಸ್ ಬರುತ್ತದೆ ಅಂತ ಹೇಳಲಾಗದು. ಮತ್ತೆ ಬರದ ಹಾಗೆ ತಡೆಯುವುದಕ್ಕೇ ಮಾತ್ರೆ.

ಅದರಲ್ಲಿ ಅಜಾಥಯೊಪ್ರಿನ್ ಅನ್ನುವ ಮಾತ್ರೆ ಕೆಲಸ ಹಿಡಿಯಲು ತಿಂಗಳುಗಳೇ ಬೇಕು. ಅಲ್ಲಿವರೆಗೆ ಸ್ಟೀರಾಯ್ಡ್ ಮಾತ್ರೆಯೇ ಕಾವಲು. ಮುಖ ಊದಿದೆ ಅಂತ ನೆಂಟರು ಆಡಿಕೊಳ್ಳುತ್ತಾರೆ, ಅವಳಿಗೆ ಬೇಜಾರಾಗುತ್ತದೆ, ಗೊತ್ತು. ಆದರೂ ನಾವಾಗಿ ನಿಲ್ಲಿಸುವಂತಿಲ್ಲ, ಡಾಕ್ಟರೇ ನಿಧಾನಕ್ಕೆ ಕಡಿಮೆ ಮಾಡಬೇಕು. ಸ್ಟೀರಾಯ್ಡನ್ನು ತಟ್ಟನೆ ಬಿಡುವುದೇ ಅಪಾಯ. ಮದುವೆಯ ಮಾತು ಎತ್ತಿದವರಿಗೆ ಕಾಯಿಲೆಯನ್ನೂ ಹೇಳಿ. ಮುಚ್ಚಿಟ್ಟು ಕೊಟ್ಟರೆ ಆ ಮನೆಯಲ್ಲಿ ಅವಳು ಕದ್ದು ಮಾತ್ರೆ ನುಂಗಬೇಕಾಗುತ್ತದೆ. ಅದು ನನಗೆ ಖಂಡಿತ ಒಪ್ಪಿಗೆಯಿಲ್ಲ.

ಅಣ್ಣನಿಗೆ ಹೇಳಿ, ಕಾಫಿ ಕೊಯ್ಲು ಶುರುವಾಗುವ ಮೊದಲೇ ಅವಳನ್ನು ಹಾಸನಕ್ಕೆ ಕರೆದುಕೊಂಡು ಹೋಗಲಿ. ಮಾತ್ರೆ ಮೈಗೆ ಹೊಂದುತ್ತಿದೆಯಾ ಅಂತ ನೋಡಲು ಬಿಳಿರಕ್ತಕಣ ಮತ್ತು ಲಿವರ್ ಪರೀಕ್ಷೆ ಮಾಡಿಸಿ, ವರದಿಯ ಫೋಟೋ ನನಗೆ ಕಳಿಸಲಿ.

ನಿಮ್ಮ,
ದೊಡ್ಡ ಮಗಳು